ಘನವಸ್ತುವಾಗಿ ಮರ

ಮರ ಎಂಬುದು ಬಹುವಾರ್ಷಿಕ ಸಸ್ಯಗಳ ಕಾಂಡ, ಕೊಂಬೆ, ಬೇರುಗಳಲ್ಲಿ ತೊಗಟೆಯ ಒಳಗೆ ಬೆಳೆಯುವ ನಾರುಮಯವಾದ ಗಟ್ಟಿ ಅಂಗಾಂಶ. ತೊಗಟೆಗೂ ಮರಕ್ಕೂ ನಡುವೆ ಕ್ಯಾಂಬಿಯಮ್ ಎಂಬ ತೆಳುವಾದ ಜೀವಂತ ಪದರವಿದೆ. ಅದು ವರ್ಷವರ್ಷವೂ ಒಳಮುಖವಾಗಿ ಹೊಸ ಕೋಶಗಳನ್ನು ಕೂಡಿಸುತ್ತ ಹೋಗುವುದರಿಂದ ಕಾಂಡ ದಪ್ಪವಾಗುತ್ತದೆ. ಹೀಗೆ ಕೂಡಿದ್ದೇ ಮುಂದೆ ದಿಮ್ಮಿ, ತೊಲೆ, ಹಲಗೆಗಳಾಗಿ ನಮ್ಮ ಕೈಸೇರುತ್ತದೆ. ಶಾಲೆಯ ವಿಜ್ಞಾನ ಪಾಠದಲ್ಲಿ ಘನ, ದ್ರವ, ಅನಿಲಗಳ ಪರಿಚಯ ಮಾಡಿಕೊಡುವಾಗ ಘನಕ್ಕೆ ಉದಾಹರಣೆಯಾಗಿ ಕಲ್ಲು, ಕಬ್ಬಿಣಗಳ ಪಕ್ಕದಲ್ಲೇ ಮರವನ್ನೂ ಹೇಳುವುದು ರೂಢಿ. ಪೀಠೋಪಕರಣದ ಅಂಗಡಿಯಲ್ಲೂ ‘ಸಾಲಿಡ್ ವುಡ್’ ಎಂಬ ಮಾತಿಗೆ ಪ್ರತ್ಯೇಕ ಬೆಲೆಯಿದೆ. ಈ ಎರಡು ಕಡೆಯೂ ಒಂದು ನಂಬಿಕೆ ಕೆಲಸ ಮಾಡುತ್ತಿರುತ್ತದೆ: ಮರವೆಂದರೆ ಒಳಗೂ ಹೊರಗೂ ಒಂದೇ ಸಮನಾದ, ತುಂಬಿದ ವಸ್ತು, ಒಂದು ಜಾತಿಯ ಮರ ಗಟ್ಟಿ, ಇನ್ನೊಂದು ಮೆದು ಎನ್ನುವುದು ಆಯಾ ಮರದ ಪದಾರ್ಥಕ್ಕೆ ಹುಟ್ಟಿನಿಂದ ಬಂದ ಗುಣ. ಮರವನ್ನು ಸೂಕ್ಷ್ಮದರ್ಶಕದಡಿ ನೋಡಿದವರು, ತೂಗಿದವರು, ಕಾಯಿಸಿದವರು ಕಂಡದ್ದು ಬೇರೆಯೇ. ಜಗತ್ತಿನ ಎಲ್ಲ ಮರಗಳೂ ಹೆಚ್ಚುಕಡಿಮೆ ಒಂದೇ ಪದಾರ್ಥದಿಂದ ಆದವು. ಅವುಗಳ ಗಟ್ಟಿತನ, ಬಾಗುವ ಗುಣ, ಸೀಳುವ ಗುಣ, ಮಳೆಗಾಲದ ಹಟ ಎಲ್ಲವೂ ಆ ಪದಾರ್ಥ ಯಾವ ಬಗೆಯಲ್ಲಿ ಜೋಡಣೆಗೊಂಡಿದೆ ಎಂಬುದನ್ನೇ ಮುಖ್ಯವಾಗಿ ಅವಲಂಬಿಸಿವೆ. ಮರದ ಬಗೆಗಳನ್ನೂ ಘನಸ್ಥಿತಿಯ ತತ್ವವನ್ನೂ ಒಟ್ಟಿಗೆ ಇಟ್ಟು ನೋಡುವುದಕ್ಕೆ ಇದೇ ಕಾರಣ.

ಭೌತಶಾಸ್ತ್ರದ ಪ್ರಕಾರ ಘನವಸ್ತುವಿಗೆ ತನ್ನದೇ ಆಕಾರವೂ ಗಾತ್ರವೂ ಇರುತ್ತವೆ. ಅದರ ಕಣಗಳು ಜಾಗ ಬಿಟ್ಟು ಕದಲದೆ ನಿಂತಲ್ಲೇ ಕಂಪಿಸುತ್ತವೆ. ಘನಗಳಲ್ಲಿ ಎರಡು ಮುಖ್ಯ ಬಗೆ. ಉಪ್ಪು, ಸಕ್ಕರೆ, ತಾಮ್ರಗಳಲ್ಲಿ ಕಣಗಳು ಲೆಕ್ಕವಿಟ್ಟ ಸಾಲುಗಳಲ್ಲಿ ನಿಂತಿರುತ್ತವೆ; ಇವು ಸ್ಫಟಿಕ ಘನಗಳು. ಗಾಜು, ಅರಗು, ಹಲವು ಪ್ಲಾಸ್ಟಿಕ್‌ಗಳಲ್ಲಿ ಅಂಥ ದೂರದವರೆಗಿನ ಕ್ರಮವಿಲ್ಲ. ಇವು ಅಸ್ಫಟಿಕ ಘನಗಳು. ಶುದ್ಧ ಸ್ಫಟಿಕ ಒಂದು ನಿಶ್ಚಿತ ಉಷ್ಣತೆಯಲ್ಲಿ ಥಟ್ಟನೆ ಕರಗಿದರೆ, ಅಸ್ಫಟಿಕ ಘನ ಬಿಸಿಯೇರಿದಂತೆ ನಿಧಾನವಾಗಿ ಮೆತ್ತಗಾಗುತ್ತದೆ. ಈ ವಿಂಗಡಣೆಯಲ್ಲಿ ಮರದ ಜಾಗ ಯಾವುದು? ಎರಡರಲ್ಲಿ ಯಾವ ಖಾನೆಗೆ ಹಾಕಿದರೂ ಅರ್ಧ ಹೊರಗುಳಿಯುತ್ತದೆ. 1665ರಲ್ಲಿ ಪ್ರಕಟವಾದ ತನ್ನ ‘ಮೈಕ್ರೋಗ್ರಾಫಿಯಾ’ದಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳುಚೂರಿನಲ್ಲಿ ಕಂಡ ಖಾಲಿ ಗೂಡುಗಳನ್ನು ಚಿತ್ರಿಸಿದ. ಬೆಂಡು ತೊಗಟೆಯ ಭಾಗವಾದರೂ ಅಲ್ಲಿ ತಿಳಿದ ಸಂಗತಿ ಮರಕ್ಕೂ ಸಲ್ಲುತ್ತದೆ: ಕಣ್ಣಿಗೆ ಇಡಿಯಾಗಿ ಕಾಣುವ ತುಂಡು ಅಸಲಿಗೆ ಗೋಡೆ ಮತ್ತು ಪೊಳ್ಳುಗಳ ಜಾಲ. ಚೆನ್ನಾಗಿ ಒಣಗಿದ ತೇಗದ ಹಲಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಗಾಳಿಯದು. ಅಂದಮೇಲೆ ಮರವನ್ನು ಘನ ಎನ್ನುವಾಗ ನಾವು ಮಾತಾಡುತ್ತಿರುವುದು ಗೋಡೆಯ ಪದಾರ್ಥದ ಬಗ್ಗೆಯೋ, ಆ ಗೋಡೆಗಳು ಕಟ್ಟಿದ ಮನೆಯ ಬಗ್ಗೆಯೋ ಎಂಬ ಪ್ರಶ್ನೆ ಏಳುತ್ತದೆ.

ಮೊದಲು ಗೋಡೆಯನ್ನೇ ನೋಡೋಣ. ಒಣಮರದ ತೂಕದಲ್ಲಿ ನೂರಕ್ಕೆ ಸುಮಾರು 40ರಿಂದ 50 ಪಾಲು ಸೆಲ್ಯುಲೋಸ್. ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ 1838ರಲ್ಲಿ ಇದನ್ನು ಗುರುತಿಸಿ ಬೇರ್ಪಡಿಸಿದ. ಗ್ಲೂಕೋಸ್ ಘಟಕಗಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಒಂದರ ಹಿಂದೊಂದು ಪೋಣಿಸಿಕೊಂಡು ಆದ ನೀಳ ಸರಪಳಿ ಅದು. ಇಂಥ ಹತ್ತಾರು ಸರಪಳಿಗಳು ಅಕ್ಕಪಕ್ಕ ಒತ್ತಾಗಿ ಮಲಗಿ, ಹೈಡ್ರೋಜನ್ ಬಂಧಗಳಿಂದ ಬಿಗಿದುಕೊಂಡು, ಮೂರ್ನಾಲ್ಕು ನ್ಯಾನೋಮೀಟರ್ ದಪ್ಪದ ಸೂಕ್ಷ್ಮನಾರುಗಳಾಗುತ್ತವೆ. ಈ ನಾರುಗಳ ಬಹುಭಾಗ ನಿಜವಾದ ಸ್ಫಟಿಕ. ಜಪಾನಿನ ನಿಶಿಕಾವಾ ಮತ್ತು ಓನೊ 1913ರಷ್ಟು ಹಿಂದೆಯೇ ಸಸ್ಯದ ನಾರುಗಳ ಮೂಲಕ ಎಕ್ಸ್ ಕಿರಣ ಹಾಯಿಸಿ, ಒಳಗೆ ಕ್ರಮಬದ್ಧ ಜೋಡಣೆಯಿದೆ ಎನ್ನುವುದಕ್ಕೆ ಸಾಕ್ಷಿಯಾದ ಚಿತ್ತಾರ ಪಡೆದಿದ್ದರು. ಆದರೆ ಈ ಸ್ಫಟಿಕ ನಾರುಗಳ ಸುತ್ತ ತುಂಬಿಕೊಂಡಿರುವ ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ಎರಡೂ ಅಸ್ಫಟಿಕ. ಒಂದೊಂದೂ ಒಣತೂಕದ ಕಾಲುಭಾಗದ ಆಸುಪಾಸು. ಆರ್‌ಸಿಸಿ ಚಾವಣಿಯಲ್ಲಿ ಕಬ್ಬಿಣದ ಸರಳು ಎಳೆತವನ್ನೂ ಕಾಂಕ್ರೀಟು ಒತ್ತಡವನ್ನೂ ಹೊರುವಂತೆ ಇಲ್ಲಿ ಸೆಲ್ಯುಲೋಸ್ ಎಳೆತವನ್ನು, ಲಿಗ್ನಿನ್ ಒತ್ತಡವನ್ನು ಹಂಚಿಕೊಳ್ಳುತ್ತವೆ. ಬರೀ ಸೆಲ್ಯುಲೋಸಿನಿಂದ ಗಟ್ಟಿತನ ಬರುವುದಾಗಿದ್ದರೆ ಹತ್ತಿಯಷ್ಟು ಗಟ್ಟಿ ವಸ್ತು ಇನ್ನೊಂದು ಇರುತ್ತಿರಲಿಲ್ಲ. ಹತ್ತಿಯಲ್ಲಿ ನೂರಕ್ಕೆ 90ರಷ್ಟು ಸೆಲ್ಯುಲೋಸೇ, ಅದೂ ಮರದ ಸೆಲ್ಯುಲೋಸಿಗಿಂತ ಹೆಚ್ಚು ಸ್ಫಟಿಕಮಯ. ಆದರೂ ಅದನ್ನು ದಿಂಬಿಗೆ ತುಂಬುತ್ತೇವೆ. ಬಿಡಿ ನಾರುಗಳನ್ನು ಒಂದೇ ದಿಕ್ಕಿನಲ್ಲಿ ನಿಲ್ಲಿಸಿ, ಒಂದಕ್ಕೊಂದು ಅಂಟಿಸುವ ಕೆಲಸವನ್ನು ಹತ್ತಿಗಿಡ ತನ್ನ ಕಾಯಿಯೊಳಗೆ ಮಾಡುವುದಿಲ್ಲ.

ಇನ್ನೊಂದು ಸಾಕ್ಷ್ಯ ತೂಕದ್ದು. ಮರದ ಪೊಳ್ಳುಗಳನ್ನೆಲ್ಲ ಲೆಕ್ಕದಿಂದ ತೆಗೆದು ಕೋಶಗಳ ಗೋಡೆಯನ್ನಷ್ಟೇ ಅಳೆದರೆ ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.5 ಗ್ರಾಂ. ಇದು ಬೂರುಗಕ್ಕೂ ಬೀಟೆಗೂ ಒಂದೇ. ದೇವದಾರುವಿಗೂ ಜಾಲಿಗೂ ಒಂದೇ. ಅಂದರೆ ಎಲ್ಲ ಮರಗಳ ಗೋಡೆಯೂ ನೀರಿನಲ್ಲಿ ಮುಳುಗಲೇಬೇಕಾದಷ್ಟು ಭಾರ. ಹಾಗಿದ್ದೂ ದಕ್ಷಿಣ ಅಮೆರಿಕದ ಬಾಲ್ಸಾ ಮರದ ತುಂಡು ಘನ ಸೆಂಟಿಮೀಟರಿಗೆ 0.16 ಗ್ರಾಂನಷ್ಟು ಹಗುರ. ನಮ್ಮ ಬೂರುಗ ಸುಮಾರು 0.35, ತೇಗ 0.65, ಬೀಟೆ 0.85. ಕೆರಿಬಿಯನ್ ಕಡೆಯ ಲಿಗ್ನಮ್ ವೀಟೇ 1.2 ದಾಟಿ ನೀರಿನಲ್ಲಿ ಕಲ್ಲಿನಂತೆ ಮುಳುಗುತ್ತದೆ. ಪದಾರ್ಥ ಒಂದೇ ಆಗಿರುವಾಗ ಈ ಏಳೆಂಟು ಪಟ್ಟು ಅಂತರ ಎಲ್ಲಿಂದ ಬಂತು ಎಂದರೆ ಪೊಳ್ಳಿನಿಂದ. ಲೆಕ್ಕ ಸುಲಭ: ಬಾಲ್ಸಾದಲ್ಲಿ ನೂರಕ್ಕೆ 90 ಪಾಲು ಖಾಲಿ, ತೇಗದಲ್ಲಿ 57ರಷ್ಟು, ಲಿಗ್ನಮ್ ವೀಟೇಯಲ್ಲಿ 20ರಷ್ಟು. ಒಣಮರದ ಬಲವೂ ಬಿಗುವೂ ಬಹುಮಟ್ಟಿಗೆ ಈ ಸಾಂದ್ರತೆಯ ಹಿಂದೆಯೇ ಹೋಗುತ್ತವೆ. ಹಗುರವೆಂದರೆ ಕೆಲಸಕ್ಕೆ ಬಾರದ್ದು ಎಂದೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಹಾರಿಸಿದ ಮಾಸ್ಕಿಟೋ ವಿಮಾನದ ಒಡಲು, ಬರ್ಚ್ ಪ್ಲೈವುಡ್ಡಿನ ಎರಡು ಹಾಳೆಗಳ ನಡುವೆ ಬಾಲ್ಸಾ ಇಟ್ಟು ಅಂಟಿಸಿದ್ದು.

ಇಲ್ಲಿಗೆ ಬಂದಾಗ ಪಠ್ಯಗಳಲ್ಲಿ ಬಹುಕಾಲದಿಂದ ಓಡಾಡುತ್ತಿರುವ ಒಂದು ವರ್ಗೀಕರಣವನ್ನು ಒರೆಗೆ ಹಚ್ಚಬೇಕಾಗುತ್ತದೆ. ಮರಗಳನ್ನು ಗಟ್ಟಿಮರ, ಮೆದುಮರ ಎಂದು ಎರಡು ಗುಂಪು ಮಾಡುವುದು ವಾಡಿಕೆ. ಇದು ಸಸ್ಯಶಾಸ್ತ್ರದ ವಿಂಗಡಣೆ. ಕೈಗೆ ಸಿಗುವ ಗಟ್ಟಿತನಕ್ಕೂ ಇದಕ್ಕೂ ಒಪ್ಪಂದವಿಲ್ಲ. ಹೂಬಿಟ್ಟು ಕಾಯೊಳಗೆ ಬೀಜ ಕಟ್ಟುವ ಮರಗಳು ಮೊದಲ ಗುಂಪು. ಪೈನ್, ದೇವದಾರುಗಳಂತೆ ಬೀಜವನ್ನು ತೆರೆದಿಡುವವು ಎರಡನೆಯದು. ಎರಡಕ್ಕೂ ಅಂಗರಚನೆಯಲ್ಲಿ ಸ್ಪಷ್ಟ ವ್ಯತ್ಯಾಸವಿದೆ. ಮೆದುಮರಗಳಲ್ಲಿ ಟ್ರಕೀಡ್ ಎಂಬ ಒಂದೇ ಬಗೆಯ ನೀಳಕೋಶ ನೀರು ಸಾಗಿಸುವ ಕೆಲಸವನ್ನೂ ಭಾರ ಹೊರುವ ಕೆಲಸವನ್ನೂ ಮಾಡುತ್ತದೆ. ಗಟ್ಟಿಮರಗಳಲ್ಲಿ ಕೆಲಸ ಹಂಚಿಕೆಯಾಗಿದೆ: ನೀರಿಗೆ ಅಗಲವಾದ ನಾಳಗಳು, ಬಲಕ್ಕೆ ದಪ್ಪಗೋಡೆಯ ನಾರುಗಳು. ತೇಗದ ಹಲಗೆಯ ಕಡಿದ ತುದಿಯನ್ನು ಚೂಪಾದ ಉಳಿಯಿಂದ ನಯವಾಗಿ ಕೆತ್ತಿ, ಸ್ವಲ್ಪ ಒದ್ದೆ ಮಾಡಿ, ಒಂದು ಭೂತಗನ್ನಡಿ ಹಿಡಿದರೆ ಈ ನಾಳಗಳು ಸೂಜಿ ಚುಚ್ಚಿದ ತೂತುಗಳಾಗಿ ಕಾಣುತ್ತವೆ. ಪ್ರತಿ ಬೆಳವಣಿಗೆಯ ಉಂಗುರದ ಆರಂಭದಲ್ಲಿ ದೊಡ್ಡ ತೂತುಗಳ ಸಾಲು, ಆಮೇಲೆ ಚಿಕ್ಕವು. ಬೀಟೆಯಲ್ಲಿ ಹಾಗೆ ಎದ್ದುಕಾಣುವ ಸಾಲಿಲ್ಲ, ತೂತುಗಳು ಚದುರಿಕೊಂಡಿರುತ್ತವೆ. ಮರ ಗುರುತಿಸುವವರಿಗೆ ಬಣ್ಣ, ವಾಸನೆಗಳಿಗಿಂತ ನಂಬಿಗಸ್ತ ಸಾಕ್ಷಿ ಇದು.

ಗಟ್ಟಿತನವನ್ನು ಅಳೆಯುವುದಾದರೆ ಅದಕ್ಕೇ ಒಂದು ಪರೀಕ್ಷೆಯಿದೆ. ಆಸ್ಟ್ರಿಯಾ ಮೂಲದ ಗೇಬ್ರಿಯಲ್ ಯಾಂಕಾ 1906ರಲ್ಲಿ ರೂಪಿಸಿದ ಕ್ರಮದಲ್ಲಿ 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಅರ್ಧ ಹೂಳುವವರೆಗೆ ಮರಕ್ಕೆ ಒತ್ತಿ, ಅದಕ್ಕೆ ಬೇಕಾದ ಬಲವನ್ನು ಗುರುತು ಹಾಕಿಕೊಳ್ಳುತ್ತಾರೆ. ತೇಗಕ್ಕೆ ಐದು ಕಿಲೋನ್ಯೂಟನ್‌ಗೆ ತುಸು ಕಡಿಮೆ ಸಾಕು. ಬೀಟೆ ಹತ್ತನ್ನು ಮೀರುತ್ತದೆ. ಲಿಗ್ನಮ್ ವೀಟೇಗೆ ಇಪ್ಪತ್ತರಷ್ಟು ಬೇಕು. ಈ ಅಳತೆಗೋಲಿನ ಮುಂದೆ ಹಳೆಯ ವಿಂಗಡಣೆ ನಿಲ್ಲುವುದಿಲ್ಲ. ಅತಿ ಮೆದುವಾದ ಮರಗಳಲ್ಲೊಂದಾದ ಬಾಲ್ಸಾ ಸಸ್ಯಶಾಸ್ತ್ರದ ಲೆಕ್ಕಕ್ಕೆ ‘ಗಟ್ಟಿಮರ’. ಇಂಗ್ಲೆಂಡಿನ ಬಿಲ್ಲುಗಾರರು ನೆಚ್ಚಿಕೊಂಡಿದ್ದ ಯೂ ಮರ ಸುಮಾರು ಏಳು ಕಿಲೋನ್ಯೂಟನ್ ತಾಳಿಕೊಂಡು ತೇಗವನ್ನೂ ಹಿಂದೆ ಹಾಕುತ್ತದೆ, ಆದರೂ ಅದರ ಹೆಸರು ‘ಮೆದುಮರ’ದ ಪಟ್ಟಿಯಲ್ಲಿ. ಕರ್ನಾಟಕದ ಮಟ್ಟಿಗಂತೂ ಈ ವಿಂಗಡಣೆ ಏನನ್ನೂ ವಿಂಗಡಿಸುವುದಿಲ್ಲ. ನಮ್ಮ ಕಾಡುಗಳ ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿ, ಹಲಸು, ಹೆಬ್ಬಲಸು, ಶಿವನೆ, ಬೂರುಗ ಎಲ್ಲವೂ ಹೂಬಿಡುವ ಗುಂಪಿನವೇ. ಬಡಗಿಗಳು ಮರವನ್ನು ಕೆಲಸಕ್ಕೆ ತಕ್ಕಂತೆ ಆರಿಸುತ್ತಾರೆ: ಬಾಗಿಲುವಾಡಕ್ಕೆ ತೇಗ ಅಥವಾ ಹೊನ್ನೆ, ತೊಲೆಗೆ ಮತ್ತಿ, ನೇಗಿಲಿಗೂ ಗಾಡಿಚಕ್ರಕ್ಕೂ ಜಾಲಿ, ವೀಣೆಗೂ ಮೃದಂಗಕ್ಕೂ ಹಲಸು, ಬೆಂಕಿಕಡ್ಡಿಗೂ ಪ್ಯಾಕಿಂಗ್ ಪೆಟ್ಟಿಗೆಗೂ ಬೂರುಗ. ಈ ಆಯ್ಕೆ ಪಠ್ಯದ ಎರಡು ಖಾನೆಗಳಿಗಿಂತ ಹೆಚ್ಚು ವೈಜ್ಞಾನಿಕ ಎಂದು ಹೇಳಲು ಹಿಂಜರಿಯಬೇಕಿಲ್ಲ.

ಜೋಡಣೆಯೇ ಮುಖ್ಯ ಎಂಬುದಕ್ಕೆ ಎಲ್ಲಕ್ಕಿಂತ ಬಲವಾದ ಸಾಕ್ಷ್ಯ ದಿಕ್ಕಿನದು. ಉಕ್ಕಿನ ತುಂಡನ್ನು ಅಡ್ಡ ಎಳೆದರೂ ಉದ್ದ ಎಳೆದರೂ ಬಲ ಹೆಚ್ಚುಕಡಿಮೆ ಒಂದೇ. ಮರವನ್ನು ನಾರಿನ ಉದ್ದಕ್ಕೆ ಎಳೆದಾಗ ಸಿಗುವ ಬಲ, ಅಡ್ಡಕ್ಕೆ ಎಳೆದಾಗ ಸಿಗುವ ಬಲದ ಇಪ್ಪತ್ತು ಪಟ್ಟಿಗೂ ಮೀರಬಹುದು. ಸೌದೆ ಒಡೆಯುವವರು ಕೊಡಲಿಯನ್ನು ತುದಿಯ ಕಡೆಯಿಂದ ಇಳಿಸುವುದೂ, ಮರ ಉರುಳಿಸುವವರು ಅಡ್ಡಕ್ಕೆ ಬೆವರು ಸುರಿಸುವುದೂ ಇದರಿಂದಲೇ. ಒಣಗುವಾಗಲೂ ಹಾಗೆಯೇ. ಹಸಿಯಿಂದ ಪೂರ್ತಿ ಒಣಗುವವರೆಗೆ ತೇಗ ಉಂಗುರಗಳ ಗುಂಟ ನೂರಕ್ಕೆ ಸುಮಾರು 5.8ರಷ್ಟು ಕುಗ್ಗಿದರೆ, ತಿರುಳಿನಿಂದ ತೊಗಟೆಯ ಕಡೆಗೆ 2.5ರಷ್ಟೇ ಕುಗ್ಗುತ್ತದೆ, ಉದ್ದದಲ್ಲಿ ಕುಗ್ಗುವುದು ಲೆಕ್ಕಕ್ಕೇ ಬಾರದಷ್ಟು. ತಿರುಳಿನಿಂದ ಹೊರಕ್ಕೆ ಕಿರಣಗಳಂತೆ ಚಾಚಿದ ಕೋಶಗಳ ಪಟ್ಟಿಗಳು ಆ ದಿಕ್ಕಿನ ಕುಗ್ಗುವಿಕೆಯನ್ನು ತಡೆಹಿಡಿಯುವುದು ಈ ವ್ಯತ್ಯಾಸಕ್ಕೆ ಒಂದು ಕಾರಣ. ದುಂಡನೆಯ ದಿಮ್ಮಿ ಒಣಗುವಾಗ ಅಂಚಿನಿಂದ ತಿರುಳಿನ ಕಡೆಗೆ ಸೀಳು ಬಿಡುವುದು, ದಿಮ್ಮಿಯ ಪಕ್ಕದಿಂದ ಕೊಯ್ದ ಹಲಗೆ ದೋಣಿಯಂತೆ ಬಾಗುವುದು ಈ ಅಸಮ ಕುಗ್ಗುವಿಕೆಯಿಂದ. ಇನ್ನೂ ಒಳಗೆ ಹೋದರೆ, ಕೋಶದ ಗೋಡೆಯ ಅತಿ ದಪ್ಪ ಪದರದಲ್ಲಿ ಸೆಲ್ಯುಲೋಸ್ ನಾರುಗಳು ಸುರುಳಿಯಾಗಿ ಸುತ್ತಿಕೊಂಡಿವೆ. ಸುರುಳಿ ಹೆಚ್ಚು ನೆಟ್ಟಗಿದ್ದಷ್ಟೂ ಮರ ಬಿಗು. ಓರೆಯಾದಷ್ಟೂ ಬಾಗುವ ಗುಣ ಹೆಚ್ಚು. ಎಳೆಯ ಮರದಲ್ಲಿ, ಮತ್ತು ಯಾವುದೇ ಮರದ ತಿರುಳಿನ ಹತ್ತಿರದ ಭಾಗದಲ್ಲಿ, ಸುರುಳಿ ಓರೆಯಾಗಿರುತ್ತದೆ. ಎಳೆ ಸಸಿ ಗಾಳಿಗೆ ಬಾಗಿ ಬದುಕಬೇಕು, ಬೆಳೆದ ಮರ ತನ್ನ ಭಾರ ಹೊತ್ತು ನಿಲ್ಲಬೇಕು. ಒಂದೇ ಪದಾರ್ಥವನ್ನು ಬೇರೆ ಕೋನದಲ್ಲಿ ಸುತ್ತಿ ಗಿಡ ಎರಡನ್ನೂ ಸಾಧಿಸುತ್ತದೆ. ಬೇಗ ಕಡಿದ ನೆಡುತೋಪಿನ ಮರ ಹಲಗೆಯಾದ ಮೇಲೆ ತಿರುಚಿಕೊಳ್ಳುತ್ತದೆ ಎಂಬ ದೂರಿನ ಬೇರು ಬಹುಪಾಲು ಇಲ್ಲಿದೆ.

ಒಂದು ಆಕ್ಷೇಪಣೆ ಇಲ್ಲಿ ಸಹಜ. ಘನವಸ್ತು ಎಂದರೆ ಆಕಾರವನ್ನೂ ಗಾತ್ರವನ್ನೂ ಉಳಿಸಿಕೊಳ್ಳುವುದು ತಾನೆ? ಮೇಜು ಮೇಜಾಗಿಯೇ ಇರುತ್ತದೆ, ಕಂಬ ಕಂಬವಾಗಿಯೇ ಇರುತ್ತದೆ. ಅದಕ್ಕೆ ಇಷ್ಟೆಲ್ಲ ಯಾಕೆ? ಆದರೆ ಮರ ಈ ಎರಡು ಷರತ್ತುಗಳನ್ನೂ ಪೂರ್ತಿ ಪಾಲಿಸುವುದಿಲ್ಲ. ಗಾತ್ರದ ಮಾತು ಮೊದಲು. ಮರದ ಗೋಡೆಗಳು ನೀರಿನ ಕಣಗಳನ್ನು ತಮ್ಮೊಳಕ್ಕೇ ಎಳೆದುಕೊಳ್ಳುತ್ತವೆ. ಹಸಿ ದಿಮ್ಮಿಯಲ್ಲಿ ನೀರು ಎರಡು ಕಡೆ ಇರುತ್ತದೆ: ಕೋಶಗಳ ಪೊಳ್ಳಿನಲ್ಲಿ ಸ್ವತಂತ್ರವಾಗಿ, ಗೋಡೆಯಲ್ಲಿ ಅಂಟಿಕೊಂಡು. ಒಣಗುವಾಗ ಪೊಳ್ಳಿನ ನೀರು ಮೊದಲು ಹೋಗುತ್ತದೆ. ತೂಕ ಇಳಿದರೂ ಆಗ ಮರ ಕುಗ್ಗುವುದಿಲ್ಲ. ತೇವ ಒಣತೂಕದ ನೂರಕ್ಕೆ 28-30ಕ್ಕೆ ಇಳಿದ ಮೇಲೆ ಗೋಡೆಯ ನೀರು ಹೋಗತೊಡಗಿ ಕುಗ್ಗುವಿಕೆ ಶುರುವಾಗುತ್ತದೆ. ಅಲ್ಲಿಂದಾಚೆ ಮರ ಸುತ್ತಲ ಗಾಳಿಯ ತೇವದ ಜೊತೆ ಕೊಡುಕೊಳ್ಳುವಿಕೆ ನಿಲ್ಲಿಸುವುದೇ ಇಲ್ಲ. ಕರಾವಳಿಯಲ್ಲಿ ಮಳೆ ಹಿಡಿದಾಗ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದು, ಬೇಸಿಗೆಯಲ್ಲಿ ಅದೇ ಬಾಗಿಲಿನ ಹಲಗೆಗಳ ನಡುವೆ ಸಂದು ಕಾಣುವುದು ಈ ವ್ಯವಹಾರದ ಫಲ. ಹಳೆಯ ಕಾಲದ ಬಾಗಿಲುಗಳಲ್ಲಿ ನಡುವಿನ ಹಲಗೆಯನ್ನು ಮೊಳೆ ಹೊಡೆದು ಬಿಗಿಯದೆ ಚೌಕಟ್ಟಿನ ತೋಡಿನೊಳಗೆ ಸಡಿಲವಾಗಿ ಕೂರಿಸುತ್ತಿದ್ದದ್ದು, ಮರದ ಗಾತ್ರ ನಿಲ್ಲುವುದಲ್ಲ ಎಂದು ಬಡಗಿ ಒಪ್ಪಿಕೊಂಡಿದ್ದ ಎಂಬುದಕ್ಕೆ ದಾಖಲೆ.

ಆಕಾರವೂ ಅಷ್ಟೇ. ಭಾರ ಹೊತ್ತ ಪುಸ್ತಕದ ಕಪಾಟಿನ ಹಲಗೆ ವರ್ಷಗಳು ಕಳೆದಂತೆ ನಿಧಾನವಾಗಿ ಜೋಲುತ್ತದೆ, ಪುಸ್ತಕ ತೆಗೆದರೂ ಪೂರ್ತಿ ಮೊದಲಿನಂತಾಗುವುದಿಲ್ಲ. ಗೋಡೆಯ ಅಸ್ಫಟಿಕ ಭಾಗ ದೀರ್ಘಕಾಲದ ಒತ್ತಡಕ್ಕೆ ಒಂದಿಷ್ಟು ಹರಿಯುತ್ತದೆ. ಅದನ್ನು ಬೇಕೆಂದೇ ಮೆತ್ತಗೆ ಮಾಡಲೂ ಬರುತ್ತದೆ. ಒಣಗಿದ ಲಿಗ್ನಿನ್ ಮೆತ್ತಗಾಗಲು 130 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿ ಬೇಕು. ನೀರುಂಡ ಲಿಗ್ನಿನ್‌ಗೆ 100 ಡಿಗ್ರಿಯೊಳಗೇ ಸಾಕು. ಆವಿಯಲ್ಲಿ ಬೇಯಿಸಿದ ಬೀಚ್ ಮರದ ಕೋಲುಗಳನ್ನು ಕಬ್ಬಿಣದ ಅಚ್ಚಿಗೆ ಬಾಗಿಸಿ ಒಣಗಿಸುವ ವಿದ್ಯೆಯನ್ನು ಮೈಕೆಲ್ ಥೋನೆಟ್ ಕಾರ್ಖಾನೆಯ ಮಟ್ಟಕ್ಕೆ ತಂದ; 1859ರಲ್ಲಿ ಬಂದ ಅವನ 14ನೇ ನಂಬರಿನ ಕುರ್ಚಿ ಜಗತ್ತಿನಾದ್ಯಂತ ಮಾರಾಟವಾಯಿತು. ಚನ್ನಪಟ್ಟಣದ ಬೊಂಬೆ ತಯಾರಿಕೆಯಲ್ಲಿ ಘನಸ್ಥಿತಿಯ ಎರಡು ಮುಖಗಳು ಒಂದೇ ಕ್ಷಣದಲ್ಲಿ ಎದುರಾಗುತ್ತವೆ. ಹಾಲೆಮರದ ತುಂಡು ಲೇತಿನಲ್ಲಿ ಗಿರಗಿರನೆ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಮೆತ್ತಗಾಗಿ ಮರದ ಮೇಲೆ ತೆಳ್ಳಗೆ ಹರಡುತ್ತದೆ. ಆಮೇಲೆ ಕೇದಗೆಯ ಎಲೆ ಒತ್ತಿ ಹೊಳಪು ತರುತ್ತಾರೆ. ಅರಗು ಬರೀ ಅಸ್ಫಟಿಕ ಘನ, ಬಿಸಿಗೆ ಸೋಲುತ್ತದೆ. ಅದೇ ಬಿಸಿಯಲ್ಲಿ ಒಣಮರ ತನ್ನ ಆಕಾರ ಬಿಟ್ಟುಕೊಡದೆ ನಿಲ್ಲುವುದು ಒಳಗಿನ ಸ್ಫಟಿಕ ನಾರುಗಳ ಬಲದಿಂದ.

ಹಾಗಾದರೆ ಇನ್ನೂ ಕಾಯಿಸಿದರೆ ಮರ ಕರಗಬೇಕಲ್ಲ? ಕರಗುವುದಿಲ್ಲ. ಸೆಲ್ಯುಲೋಸ್ ಸರಪಳಿಗಳ ನಡುವಿನ ಬಂಧಗಳೆಲ್ಲ ಬಿಟ್ಟುಕೊಂಡು ದ್ರವವಾಗುವ ಮೊದಲೇ ಸರಪಳಿಗಳೇ ತುಂಡಾಗುತ್ತವೆ. ಗಾಳಿ ತಾಗದಂತೆ ಮುಚ್ಚಿ 300 ಡಿಗ್ರಿ ದಾಟಿಸಿದರೆ ಮರ ಇದ್ದಲು, ಡಾಂಬರು, ಆಮ್ಲಯುಕ್ತ ನೀರು ಮತ್ತು ಅನಿಲಗಳಾಗಿ ಒಡೆಯುತ್ತದೆ. ಮೈಸೂರು ಸಂಸ್ಥಾನ ಭದ್ರಾವತಿಯಲ್ಲಿ 1923ರಲ್ಲಿ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮಲೆನಾಡಿನ ಮರವನ್ನು ಹೀಗೆ ಬಟ್ಟಿ ಇಳಿಸಿ, ಇದ್ದಲನ್ನು ಅದಿರು ಕರಗಿಸುವ ಕುಲುಮೆಗೆ ಹಾಕಿ, ಮೆಥನಾಲ್‌ನಂಥ ಉಪ ಉತ್ಪನ್ನಗಳನ್ನು ಬೇರೆಯಾಗಿ ಹಿಡಿಯುತ್ತಿತ್ತು. ಮಂಜುಗಡ್ಡೆ ನೀರಾಗಿ ಮತ್ತೆ ಮಂಜುಗಡ್ಡೆಯಾದೀತು. ಇದ್ದಲು ಮತ್ತೆ ಮರವಾಗದು. ಘನ-ದ್ರವ-ಅನಿಲ ಎಂಬ ಮೂರು ಮೆಟ್ಟಿಲುಗಳಲ್ಲಿ ಮರಕ್ಕೆ ಇರುವುದು ಒಂದೇ ಮೆಟ್ಟಿಲು.

ಈಗ ಗಂಭೀರವಾದ ಆಕ್ಷೇಪಣೆಗೆ ಬರೋಣ. ಎಲ್ಲವೂ ಜೋಡಣೆಯೇ ಆಗಿದ್ದರೆ ತೇಗದ ಮನೆ ನೂರು ವರ್ಷ ನಿಲ್ಲುವುದು, ಬೂರುಗದ ಹಲಗೆಯನ್ನು ಗೆದ್ದಲು ಒಂದೆರಡು ಮಳೆಗಾಲದಲ್ಲೇ ಮುಗಿಸುವುದು ಏಕೆ? ಶ್ರೀಗಂಧಕ್ಕೆ ಆ ಪರಿಮಳ ಎಲ್ಲಿಂದ? ಇವು ಖಂಡಿತ ರಸಾಯನದ ಪ್ರಶ್ನೆಗಳು. ಮರಕ್ಕೆ ವಯಸ್ಸಾದಂತೆ ಒಳಭಾಗದ ಕೋಶಗಳು ಸತ್ತು, ಅಲ್ಲಿ ಎಣ್ಣೆ, ರಾಳ, ಬಣ್ಣದ ವಸ್ತುಗಳು ತುಂಬಿಕೊಂಡು ಚೇಗು ಆಗುತ್ತದೆ. ತೇಗದ ಚೇಗಿನಲ್ಲಿರುವ ಟೆಕ್ಟೋಕ್ವಿನೋನ್ ಮುಂತಾದವು ಗೆದ್ದಲಿಗೆ ಹಿಡಿಸುವುದಿಲ್ಲ. ತೇಗದಲ್ಲಿರುವ ಸಿಲಿಕಾ ಗರಗಸದ ಹಲ್ಲನ್ನು ಮೊಂಡು ಮಾಡುತ್ತದೆ. ಶ್ರೀಗಂಧದ ಚೇಗಿನಲ್ಲಿ ಸ್ಯಾಂಟಲಾಲ್ ಇದೆ. ಹೊರಗಿನ ಬಿಳಿಮರಕ್ಕೆ ವಾಸನೆಯೇ ಇಲ್ಲ. ಲಿಗ್ನಮ್ ವೀಟೇ ತನ್ನ ರಾಳವೇ ಕೀಲೆಣ್ಣೆಯಾಗಿ ಹಡಗಿನ ಪ್ರೊಪೆಲರ್ ದಂಡದ ಬೇರಿಂಗಾಗಿ ದುಡಿದದ್ದೂ ಇದೇ ಬಗೆಯದು. ಆದರೆ ಈ ವಸ್ತುಗಳು ಸಾಮಾನ್ಯವಾಗಿ ಒಟ್ಟು ತೂಕದ ಸಣ್ಣ ಪಾಲು. ಅವು ಮುಖ್ಯವಾಗಿ ಬಾಳಿಕೆ, ಬಣ್ಣ, ವಾಸನೆಗಳನ್ನು ನಿರ್ಧರಿಸುತ್ತವೆ. ಭಾರ ಹೊರುವ ಬಲವನ್ನು ಹೆಚ್ಚಾಗಿ ನಿರ್ಧರಿಸುವುದು ಗೋಡೆಯ ದಪ್ಪ ಮತ್ತು ನಾರಿನ ದಿಕ್ಕು. ಒಂದೇ ತೇಗದ ದಿಮ್ಮಿಯ ಬಿಳಿಮರವೂ ಚೇಗೂ ಬಲದಲ್ಲಿ ಹೆಚ್ಚು ದೂರವಿಲ್ಲ, ಬಾಳಿಕೆಯಲ್ಲಿ ಅಜಗಜಾಂತರ. ಗ್ರಾಹಕ ಈ ಎರಡನ್ನೂ ‘ಗಟ್ಟಿ’ ಎಂಬ ಒಂದೇ ಮಾತಿನಲ್ಲಿ ಕೇಳುವುದರಿಂದ ಗೊಂದಲವಾಗುತ್ತದೆ.

ಎದುರು ದಿಕ್ಕಿನಿಂದಲೂ ಆಕ್ಷೇಪ ಎತ್ತಬಹುದು, ಅದು ಇನ್ನಷ್ಟು ಚುರುಕಾದದ್ದು. ತಮಿಳುನಾಡಿನ ತಿರುವಕ್ಕರೈಯಲ್ಲಿ ಕಲ್ಲಾದ ಮರದ ಬೊಡ್ಡೆಗಳಿವೆ. ಕೋಟ್ಯಂತರ ವರ್ಷಗಳಲ್ಲಿ ಮರದ ಪದಾರ್ಥ ಹೋಗಿ ಸಿಲಿಕಾ ತುಂಬಿಕೊಂಡಿದೆ. ಉಂಗುರ, ಕೋಶ ಎಲ್ಲ ಹಾಗೆಯೇ ಉಳಿದಿವೆ. ಇದ್ದಲಿನಲ್ಲೂ ನಾಳ, ಕಿರಣಗಳು ಎಷ್ಟು ಚೆನ್ನಾಗಿ ಉಳಿಯುತ್ತವೆಂದರೆ ಪುರಾತತ್ವ ಶೋಧಕರು ಉತ್ಖನನದಲ್ಲಿ ಸಿಕ್ಕ ಇದ್ದಲ ಚೂರಿನಿಂದ ಮರದ ಜಾತಿ ಹೇಳುತ್ತಾರೆ. ರಚನೆ ಉಳಿದೂ ಮರದ ಗುಣ ಹೋಯಿತಲ್ಲ? ಹೋಯಿತು, ಕಲ್ಲಾದ ಮರ ಬಾಗುವುದಿಲ್ಲ, ಇದ್ದಲು ಬೆರಳ ನಡುವೆ ಪುಡಿಯಾಗುತ್ತದೆ. ಇದು ವಾದವನ್ನು ತಿದ್ದಿಕೊಳ್ಳಬೇಕಾದ ಜಾಗವೇ ಹೊರತು ಬಿಟ್ಟುಕೊಡಬೇಕಾದ ಜಾಗವಲ್ಲ. ಉಳಿದದ್ದು ಕೋಶದ ಮಟ್ಟದ ರಚನೆ. ಅಳಿದದ್ದು ಅದಕ್ಕಿಂತ ಸಾವಿರ ಪಾಲು ಚಿಕ್ಕದಾದ, ಗೋಡೆಯೊಳಗಿನ ಸುರುಳಿ ನಾರುಗಳ ರಚನೆ. ಅಂಥ ನಾರು ಸೆಲ್ಯುಲೋಸಿನಂಥ ನೀಳ ಸರಪಳಿಯಿಂದ ಮಾತ್ರ ಆದೀತು, ಸಿಲಿಕಾದಿಂದ ಆಗದು. ಅಷ್ಟರಮಟ್ಟಿಗೆ ಪದಾರ್ಥಕ್ಕೂ ಪಾಲು ಸಲ್ಲಬೇಕು: ಜೋಡಣೆ ಎಲ್ಲ ಮಟ್ಟಗಳಲ್ಲೂ ಕೂಡಿದಾಗಲೇ ಮರ ಮರವಾಗಿರುತ್ತದೆ. ಎಲುಬು, ಕಾಂಕ್ರೀಟುಗಳಲ್ಲೂ ಪೊಳ್ಳಿದೆ, ಮಿಶ್ರಣವಿದೆ, ಮರದ್ದೇನು ವಿಶೇಷ ಎನ್ನುವವರೂ ಇದ್ದಾರೆ. ಎಲುಬಿನ ಹೋಲಿಕೆ ಸರಿಯಾದದ್ದೇ. ಅದೂ ಬೆಳೆದು ಬಂದ ಘನವೇ. ಕಾಂಕ್ರೀಟಿನ ಪೊಳ್ಳು ಮಾತ್ರ ಅದರ ದೋಷ, ಮರದ ಪೊಳ್ಳು ಅದರ ಸಾಮರ್ಥ್ಯ.

ತೆಂಗು, ಅಡಿಕೆ, ಬಿದಿರುಗಳನ್ನು ಮರವೆಂದೇ ಬಳಸಿದರೂ ಅವು ಈ ಲೆಕ್ಕಕ್ಕೆ ಹೊರಗಿನವು. ಅವುಗಳಲ್ಲಿ ಕ್ಯಾಂಬಿಯಮ್ ಇಲ್ಲ, ಉಂಗುರಗಳಿಲ್ಲ. ಅಡಿಕೆ ಕಾಂಡದ ಹೊರವಲಯದಲ್ಲಿ ನಾರುಕಟ್ಟುಗಳು ದಟ್ಟವಾಗಿ, ನಡುವೆ ವಿರಳವಾಗಿ ಇರುವುದರಿಂದ ಹೊರಗಿನ ದಬ್ಬೆ ಗಟ್ಟಿ, ಒಳಗಿನದು ಬೆಂಡು. ಗಟ್ಟಿತನ ಜೋಡಣೆಯಿಂದ ಬರುತ್ತದೆ ಎಂಬುದನ್ನು ಭೂತಗನ್ನಡಿಯಿಲ್ಲದೆ ಬರಿಗಣ್ಣಿಗೇ ತೋರಿಸುವ ಕಾಂಡ ಇದು.

ಇಷ್ಟಾದ ಮೇಲೆ ಅಂಗಡಿಯ ‘ಸಾಲಿಡ್ ವುಡ್’ ಕಡೆಗೆ ತಿರುಗಬಹುದು. ವ್ಯಾಪಾರದಲ್ಲಿ ಆ ಮಾತಿಗೆ ಅರ್ಥ ಸೀಮಿತ: ದಿಮ್ಮಿಯಿಂದ ನೇರವಾಗಿ ಕೊಯ್ದದ್ದು, ಪ್ಲೈವುಡ್, ಬ್ಲಾಕ್‌ಬೋರ್ಡ್, ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಅಲ್ಲದ್ದು. ರಬ್ಬರ್ ಮರದ ತುಂಡುಗಳನ್ನು ಬೆರಳು ಹೆಣೆದಂತೆ ಜೋಡಿಸಿ ಅಂಟಿಸಿದ ಹಲಗೆಯನ್ನೂ ಇದೇ ಹೆಸರಿನಲ್ಲಿ ಮಾರುತ್ತಾರೆ, ಅದು ತಪ್ಪೂ ಅಲ್ಲ. ಇಡೀ ಮರವೇ ಯಾವಾಗಲೂ ಮೇಲು ಎಂಬ ನಂಬಿಕೆ ಮಾತ್ರ ಪರೀಕ್ಷೆಗೆ ನಿಲ್ಲುವುದಿಲ್ಲ. ಪ್ಲೈವುಡ್ಡಿನಲ್ಲಿ ತೆಳು ಹಾಳೆಗಳನ್ನು ಒಂದರ ಮೇಲೊಂದು ಅಡ್ಡಡ್ಡವಾಗಿ ಅಂಟಿಸಿರುವುದರಿಂದ ಒಂದು ಹಾಳೆ ಕುಗ್ಗಲು ಹೊರಟರೆ ಪಕ್ಕದ್ದು ತಡೆಯುತ್ತದೆ. ಅಗಲವಾದ ಕಪಾಟಿನ ಬಾಗಿಲಿಗೆ ಅದು ತೇಗದ ಒಂಟಿ ಹಲಗೆಗಿಂತ ನೆಟ್ಟಗೆ ನಿಲ್ಲುತ್ತದೆ. ನಾರು ಒಂದೇ ದಿಕ್ಕಿಗೆ ಓಡಬೇಕಾದ ಕುರ್ಚಿಯ ಕಾಲಿಗೆ, ತೊಲೆಗೆ, ಕೆತ್ತನೆಗೆ ಇಡೀ ಮರಕ್ಕೆ ಸಾಟಿಯಿಲ್ಲ. ಸಾಗರ, ಸೊರಬದ ಗುಡಿಗಾರರ ಉಳಿಗೆ ಎಂಡಿಎಫ್ ಒಗ್ಗುವುದೂ ಇಲ್ಲ. ಎಂಡಿಎಫ್‌ನಲ್ಲಿ ಇರುವುದು ಮರದ್ದೇ ನಾರು. ಆದರೆ ಗಿಡ ಕಟ್ಟಿದ ಕ್ರಮವನ್ನು ಬಿಚ್ಚಿ, ದಿಕ್ಕಿಲ್ಲದೆ ಕಲಸಿ, ಅಂಟು ಸೇರಿಸಿ ಒತ್ತಿರುವುದರಿಂದ ಅದು ಬೇರೆಯೇ ಘನವಸ್ತು. ಕ್ರಮವನ್ನು ಉಳಿಸಿಕೊಂಡೇ ಪೊಳ್ಳನ್ನು ತೆಗೆದರೆ ಏನಾಗುತ್ತದೆ ಎಂಬುದನ್ನು 2018ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲಿಯಾಂಗ್‌ಬಿಂಗ್ ಹು ಮತ್ತು ಸಂಗಡಿಗರು ತೋರಿಸಿದರು. ಮರವನ್ನು ಕ್ಷಾರದ ದ್ರಾವಣದಲ್ಲಿ ಕುದಿಸಿ, ಲಿಗ್ನಿನ್ ಮತ್ತು ಹೆಮಿಸೆಲ್ಯುಲೋಸನ್ನು ಒಂದಿಷ್ಟು ಮಾತ್ರ ತೆಗೆದು, ಬಿಸಿಯಲ್ಲಿ ಒತ್ತಿ ದಪ್ಪವನ್ನು ಐದನೇ ಒಂದು ಪಾಲಿಗೆ ಇಳಿಸಿದಾಗ ಬಲ ಹತ್ತು ಪಟ್ಟಿಗೂ ಮೀರಿ ಏರಿತು. ಹೊರಗಿನಿಂದ ಬಲದ ವಸ್ತು ಯಾವುದನ್ನೂ ಅವರು ಸೇರಿಸಿರಲಿಲ್ಲ.

ಮನೆ ಕಟ್ಟಿಸುವವರು, ಪೀಠೋಪಕರಣ ಕೊಳ್ಳುವವರು ಹಾಗಾಗಿ ‘ಸಾಲಿಡ್ ಮರವೇನಾ?’ ಎಂಬ ಒಂದೇ ಪ್ರಶ್ನೆಗೆ ನಿಲ್ಲಬಾರದು. ಯಾವ ಜಾತಿ, ಚೇಗು ಎಷ್ಟು, ಬಿಳಿಮರ ಎಷ್ಟು, ನಾರು ಹಲಗೆಯ ಉದ್ದಕ್ಕೆ ಓಡಿದೆಯೋ ಓರೆಯಾಗಿದೆಯೋ, ಗಂಟುಗಳು ಎಲ್ಲಿವೆ ಎಂದು ಕೇಳಬೇಕು, ಕಡಿದ ತುದಿಯನ್ನು ತಿರುಗಿಸಿ ನೋಡಬೇಕು. ಎಲ್ಲಕ್ಕಿಂತ ಮೊದಲು ತೇವ. ಯಾವ ಕೆಲಸದ ಮರದಲ್ಲಿ ಎಷ್ಟು ತೇವ ಇರಬಹುದು ಎಂಬುದನ್ನು ಭಾರತೀಯ ಮಾನಕ ಐಎಸ್ 287, ದೇಶವನ್ನು ಹವೆಗೆ ತಕ್ಕಂತೆ ನಾಲ್ಕು ವಲಯಗಳಾಗಿ ವಿಂಗಡಿಸಿ ಹೇಳುತ್ತದೆ. ಎರಡು ಮುಳ್ಳುಗಳ ತೇವಮಾಪಕವನ್ನು ಹಲಗೆಗೆ ಚುಚ್ಚಿದರೆ ಕ್ಷಣದಲ್ಲಿ ಅಂಕಿ ಸಿಗುತ್ತದೆ. ಬಿಲ್ ಬರೆಸುವ ಮುಂಚೆ ಅದನ್ನು ನೋಡಿಕೊಳ್ಳಿ.